ಯೋಧವನದ ಕುದುರೆ

ಸನ್ಮಾನ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ನಮ್ಮ ಸಿದ್ಧಾರ್ಥನಗರದ ಬಡಾವಣೆ ಸಂಘದವರು ಸ್ವಾತಂತ್ರ್ಯ ದಿನದಂದು ನನ್ನ ಗಂಡ ಮನೋಹರ್ ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು ಫೋಟೋ ತೆಗೆಸಿಕೊಂಡರು. ಅದೇ ವೇದಿಕೆಯ ಮೇಲೆ, ಅದೇ ಬಾಯಲ್ಲಿ, ಅವರನ್ನು ಮನುಷ್ಯನಾಗಿ ಉಳಿಸಿದ್ದ ಒಂದೇ ಆಸರೆಯನ್ನು ಕಿತ್ತುಕೊಂಡರು.

ಆ ಆಸರೆ ಒಂದು ಮುದಿ ಕುದುರೆ. ಹೆಸರು ಚಾಂದನಿ. ಉದಯಗಿರಿಯ ಖಲೀಲ್ ಸಾಬರ ಟಾಂಗಾ ಎಳೆದೂ ಎಳೆದೂ ಕಾಲು ಸೋತದ್ದು. ಸಾಬರ ಓಣಿಯಲ್ಲಿ ಎರಡು ಕುದುರೆಗೆ ಜಾಗವಿಲ್ಲ. ಹೊಸದನ್ನು ಅಲ್ಲಿಟ್ಟುಕೊಂಡು, ಇದನ್ನು ನಮ್ಮ ಮನೆಯ ಹಿಂದೆ ಪಾರ್ಕಿಗೆಂದು ಬಿಟ್ಟಿದ್ದ ಖಾಲಿ ಜಾಗದ ಹೊಂಗೆ ಮರಕ್ಕೆ ಕಟ್ಟುತ್ತಿದ್ದರು.

ಸೇನೆಯಲ್ಲಿ ಹವಾಲ್ದಾರರಾಗಿದ್ದ ಮನೋಹರ್ ನಿವೃತ್ತರಾಗಿ ಬಂದಾಗ ಮನೆಗೆ ಬಂದದ್ದು ದೇಹ ಮಾತ್ರ. ಕುಕ್ಕರ್ ಕೂಗಿದರೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಊಟ ಬಡಿಸಲಾ ಎಂದರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಡಾಕ್ಟರು ಕೊಟ್ಟ ಮಾತ್ರೆ ನುಂಗಿಯೂ ನಿದ್ದೆಯಿಲ್ಲ. ಒಂದು ಬೆಳಿಗ್ಗೆ ಹಿತ್ತಲ ಗೋಡೆಯಾಚೆ ಅವರ ದನಿ ಕೇಳಿ ಇಣುಕಿದೆ. ಕುದುರೆಯ ಮೈ ಉಜ್ಜುತ್ತಾ, ತಮ್ಮ ಪಕ್ಕದಲ್ಲೇ ಪ್ರಾಣ ಬಿಟ್ಟ ಮಹಾಂತೇಶ್ ಎಂಬ ಗೆಳೆಯನ ಬಗ್ಗೆ ಅದಕ್ಕೆ ಹೇಳುತ್ತಿದ್ದರು. ಆ ಹೆಸರನ್ನೇ ನಾನು ಕೇಳಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೆ ಹೇಳದ್ದನ್ನು ಕುದುರೆಗೆ ಹೇಳುತ್ತಾರಲ್ಲ ಎಂದು ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆದರೆ ಅಂದು ಅವರು ಕಣ್ತುಂಬ ನಿದ್ದೆ ಮಾಡಿದರು. ಆಮೇಲೆ ನಾನೇ ದಿನವೂ ಹುರುಳಿ ನೆನೆಹಾಕಿ ಕೊಡತೊಡಗಿದೆ.

ಸನ್ಮಾನದ ದಿನ ಸಂಘದ ಅಧ್ಯಕ್ಷ ವೃಷಭೇಂದ್ರಪ್ಪನವರು ಮೈಕ್ ಹಿಡಿದು, ವೀರಯೋಧರ ಋಣ ತೀರಿಸಲು ಆ ಖಾಲಿ ಜಾಗದಲ್ಲಿ ಯೋಧವನ ಮಾಡುತ್ತೇವೆ ಎಂದು ಸಾರಿದರು. ಲದ್ದಿಯ ಕಾಟವೂ ಇವತ್ತಿಗೇ ಮುಗಿಯಿತು ಎಂದು ಸೇರಿಸಿದರು. ಜನ ಚಪ್ಪಾಳೆ ತಟ್ಟಿದರು. ಇವರು ಬುಟ್ಟಿ ಹಿಡಿದುಕೊಂಡೇ ತಲೆಬಾಗಿ ನಮಸ್ಕರಿಸಿದರು. ನನಗೆ ಆ ಶಾಮಿಯಾನವನ್ನೇ ಕಿತ್ತೆಸೆಯಬೇಕು ಅನ್ನಿಸಿತು.

ಮರುದಿನ ಮರದ ಕೆಳಗೆ ಕುದುರೆ ಇರಲಿಲ್ಲ; ಸಂಘದವರು ಹೇಳಿ ಸಾಬರಿಂದಲೇ ಬಿಚ್ಚಿಸಿ ಕಳಿಸಿದ್ದರು. ಹುರುಳಿಯ ಬಕೆಟ್ ಹಿಡಿದು ನಿಂತೇ ಇದ್ದ ಗಂಡನನ್ನು ಕೈ ಹಿಡಿದು ಕರೆತರಬೇಕಾಯಿತು. ನೇರ ಅಧ್ಯಕ್ಷರ ಮನೆಗೆ ಹೋದೆ. ಅವರು ಕೂರಿಸಿದರು, ಕಾಫಿ ತರಿಸಿದರು, ನಾನು ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡರು.

"ನಿಮ್ಮ ಯಜಮಾನ್ರಿಗೆ ಕುದುರೆ ಅಂದ್ರೆ ಪ್ರೀತಿ ಅಂತ ನಮಗೂ ಗೊತ್ತು ಕಣಮ್ಮ. ಅದಕ್ಕೇ ಅಲ್ಲಿ ಕುದುರೆ ಮೇಲೆ ಕೂತಿರೋ ಯೋಧನ ಪ್ರತಿಮೆನೇ ಮಾಡಿಸ್ತಾ ಇದ್ದೀವಿ. ಕಲ್ಲಿಂದು. ವಾಸ್ನೆ ಇಲ್ಲ, ಗಲೀಜಿಲ್ಲ."

ಅವರು ವ್ಯಂಗ್ಯ ಮಾಡಲಿಲ್ಲ. ನಿಜಕ್ಕೂ ನಮಗೆ ಉಪಕಾರ ಮಾಡುತ್ತಿದ್ದೇನೆಂದೇ ನಂಬಿದ್ದರು. ಕೆಟ್ಟವರಾಗಿದ್ದರೆ ಬಾಯಿಗೆ ಬಂದಂತೆ ಬೈದಾದರೂ ಬರಬಹುದಿತ್ತು. ಕಾಫಿ ಮುಟ್ಟದೆ ಎದ್ದೆ.

ಇವರನ್ನು ಆಟೋದಲ್ಲಿ ಕೂರಿಸಿಕೊಂಡು ಉದಯಗಿರಿಗೆ ಹೋದೆ. ಕುದುರೆ ಓಣಿಗೆ ಅಡ್ಡವಾಗಿ ನಿಂತಿತ್ತು, ಸ್ಕೂಟರಿನವರು ಬೈಯುತ್ತಿದ್ದರು. ಇಟ್ಟಿಗೆ ಗಾಡಿಯವನೊಬ್ಬ ಸಂಜೆ ಬಂದು ಹೊಡೆದುಕೊಂಡು ಹೋಗುತ್ತಾನೆ, ಇನ್ನೆಲ್ಲಿ ಕಟ್ಟಲಿ ಎಂದು ಸಾಬರು ಮುಖ ತಿರುಗಿಸಿಕೊಂಡರು. ಈ ಕಾಲಲ್ಲಿ ಇಟ್ಟಿಗೆ ಎಳೆಯುವುದೇ? ಕಾರೇ ಇಲ್ಲದ ಮನೆಗೆ ಕಾರ್ ನಿಲ್ಲಿಸುವ ಪೋರ್ಟಿಕೋ ಇದೆ, ಅಲ್ಲಿ ಕಟ್ಟಿಕೊಳ್ಳುತ್ತೇವೆ ಎಂದೆ. ಸಾಬರು ಇವರ ಮುಖವನ್ನೊಮ್ಮೆ ನೋಡಿ ಹಗ್ಗ ಬಿಚ್ಚಿಕೊಟ್ಟರು. ಇವರು ನಡುರಸ್ತೆಯಲ್ಲಿ, ಹಾರ್ನ್‌ಗಳ ನಡುವೆ, ಅದನ್ನು ನಡೆಸಿಕೊಂಡು ಬಂದರು. ಒಂದು ಸಲವೂ ಬೆಚ್ಚಲಿಲ್ಲ.

ಸಂಜೆಯೊಳಗೆ ಅಧ್ಯಕ್ಷರು ಸಂಘದ ಸದಸ್ಯರನ್ನು ಕಟ್ಟಿಕೊಂಡು ತೆರೆದ ಗೇಟಿನ ಎದುರು ನಿಂತಿದ್ದರು. ಜನ ವಾಸ ಮಾಡುವ ಜಾಗ, ಪಾಲಿಕೆಗೆ ದೂರು ಕೊಡಬೇಕಾಗುತ್ತದೆ ಎಂದರು. ನಿನ್ನೆ ತಾನೇ ಪೇಟ ತೊಡಿಸಿದೆವು, ಅದಕ್ಕೆ ಇದೇನಾ ಮರ್ಯಾದೆ ಎಂದೂ ಕೇಳಿದರು.

ನನ್ನ ತಾಳ್ಮೆ ಹರಿಯಿತು. "ಇವರು ಸಾಯಲಿಲ್ಲ ಕಣ್ರೀ, ಬದುಕಿ ವಾಪಸ್ ಬಂದವ್ರೆ. ಸತ್ತಿದ್ರೆ ಒಂದು ಪಾರ್ಕೇ ಕೊಡ್ತಿದ್ರಿ. ಬದುಕಿರೋರಿಗೆ ಒಂದು ಕುದುರೆ ನಿಲ್ಲೋ ಅಷ್ಟು ಜಾಗ ಕೊಡಕ್ಕೆ ಆಗಲ್ವಾ ನಿಮ್ಗೆ?"

ಅಧ್ಯಕ್ಷರು ಇವರತ್ತ ತಿರುಗಿ, ಶಿಸ್ತಿನ ಮನುಷ್ಯರು, ನೀವಾದರೂ ಹೇಳಿ ಸಾರ್ ಎಂದರು. ವೇದಿಕೆಯ ಮೇಲೆ ಮಾಡಿದಂತೆ ಇಲ್ಲೂ ತಲೆಬಾಗಿ ಕುದುರೆ ಒಪ್ಪಿಸಿಬಿಟ್ಟರೆ? ಪೋರ್ಟಿಕೋದಲ್ಲಿ ಚಾಂದನಿಯ ಮೈ ಉಜ್ಜುತ್ತಿದ್ದ ಇವರು ಬ್ರಷ್ ಕೆಳಗಿಟ್ಟರು. ಕುದುರೆಯ ಕುತ್ತಿಗೆಯ ಮೇಲೆ ಒಂದು ಕೈ ಇಟ್ಟುಕೊಂಡೇ ನನ್ನತ್ತ ನೋಡಿದರು.

"ಶಾರದ," ಎಂದರು. ಊರಿಗೆ ಬಂದಂದಿನಿಂದ ನನ್ನ ಹೆಸರು ಆ ಬಾಯಲ್ಲಿ ಬಂದಿರಲಿಲ್ಲ. "ಗೇಟ್ ಹಾಕು."

ಅಧ್ಯಕ್ಷರ ಮುಖದ ಮೇಲೇ ಹಾಕಿದೆ.