ಮೂರು ಸಲ ಹೊಗಳಿದ ಚಾಪೆ

ಶನಿವಾರ ಬಿಸಿಲೇರುವ ಹೊತ್ತಿಗೆ ವುನಿಮಾಕೊ ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವೆಂದರೆ ಸೈಕಲ್ ಮೇಡಂ ಬಂದಳೆಂದೇ ಅರ್ಥ. ಹೆಸರು ಜಿಲಿಯನ್, ಆಸ್ಟ್ರೇಲಿಯಾದವಳು. ದ್ವೀಪದ ರಾಜಧಾನಿ ಸುವಾದ ಯಾವುದೋ ನೆರವಿನ ಕಚೇರಿಯಲ್ಲಿ ದೊಡ್ಡ ಹುದ್ದೆ. ವಾರವಿಡೀ ಹಳ್ಳಿಗಳ ಬಡತನದ ಬಗ್ಗೆ ವರದಿ ಬರೆದು, ಶನಿವಾರ ಅದೇ ಹಳ್ಳಿಗಳ ನಡುವೆ ದಪ್ಪ ಗಾಲಿಯ ಸೈಕಲ್ ಓಡಿಸಿ ದಣಿವಾರಿಸಿಕೊಳ್ಳುತ್ತಿದ್ದಳು. ತಲೆಗೆ ಹೆಲ್ಮೆಟ್, ಕಣ್ಣಿಗೆ ಕಪ್ಪು ಕನ್ನಡಕ. ಊರ ನಡುವಿನ ಹುಲ್ಲಂಗಳವನ್ನು ಸೀಳಿಕೊಂಡು, ಎಡಕ್ಕೂ ಬಲಕ್ಕೂ "ಬುಲಾ! ಬುಲಾ!" ಎಂದು ನಮಸ್ಕಾರ ಎಸೆಯುತ್ತ ಹೋಗಿಬಿಡುವಳು. ಊರೊಳಗೆ ತಲೆ ಮುಚ್ಚಿಕೊಂಡು ಬರಬಾರದು, ಮುಖಂಡನ ಮುಂದೆ ಕಾಣಿಕೆಯಾಗಿ, ಅರೆದು ಕುಡಿಯುವ ಯಂಗೋನ ಬೇರಿನ ಕಟ್ಟು ಇಟ್ಟು ಅಪ್ಪಣೆ ಕೇಳಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಲು ಅವಳು ನಿಂತಿದ್ದರೆ ತಾನೆ!

ಆ ಶನಿವಾರ ನಿಂತಳು. ಸೆರೆಯಿಮಾಳ ಮನೆಯೆದುರೇ ಸೈಕಲ್ಲಿನ ಚೈನು ತುಂಡಾಗಿತ್ತು.

"ಬಾ ಮೇಡಂ, ಊಟ ಮಾಡು ಬಾ!" ಎಂದು ಸೆರೆಯಿಮಾ ಬಾಗಿಲಿನಿಂದಲೇ ಕೂಗಿದಳು. ಊಟದ ಹೊತ್ತಿನಲ್ಲಿ ದಾರಿಹೋಕರನ್ನೆಲ್ಲ ಹಾಗೆ ಕರೆಯುತ್ತಾರೆ. ಕರೆಸಿಕೊಂಡವರೆಲ್ಲ ಬರುವುದಿಲ್ಲ, ಅದೇ ಪುಣ್ಯ. ಜಿಲಿಯನ್ ಬಂದಳು. ಬೇಯಿಸಿದ ಮರಗೆಣಸು, ತೆಂಗಿನ ಹಾಲಿನಲ್ಲಿ ಕುದಿಸಿದ ಕೆಸುವಿನ ಸೊಪ್ಪು ಎರಡೆರಡು ಸಲ ಹಾಕಿಸಿಕೊಂಡು ಉಂಡಳು. ಅಷ್ಟರಲ್ಲಿ ಸೆರೆಯಿಮಾಳ ಗಂಡ ತಂತಿ ಸುತ್ತಿ ಚೈನನ್ನು ಹೇಗೋ ಜೋಡಿಸಿದ್ದ. ಕೈ ತೊಳೆದು ಬಂದವಳ ಕಣ್ಣು ಮೂಲೆಯಲ್ಲಿ ಹರಡಿದ್ದ ಚಾಪೆಯ ಮೇಲೆ ಬಿತ್ತು. ಕೇದಗೆ ಗರಿಯ ನುಣುಪಾದ ಹೊಸ ಚಾಪೆ, ಅಂಚಿಗೆ ಕೆಂಪು ಹಸಿರು ಉಣ್ಣೆಯ ಕುಚ್ಚು.

"ಅಬ್ಬಾ, ಎಷ್ಟು ಚೆನ್ನಾಗಿದೆ!" ಎಂದಳು.

ಮನೆಗೆ ಬಂದವರು ಏನನ್ನಾದರೂ ಬಾಯ್ತುಂಬ ಹೊಗಳಿದರೆ ಅದು ಅವರಿಗೆ ಬೇಕೆಂದೇ ಅಲ್ಲಿಯ ಲೆಕ್ಕ. ಸೆರೆಯಿಮಾ ಮೊದಲ ಸಲ ಕೇಳಿಸದವಳಂತೆ ಇದ್ದಳು. ಎರಡನೇ ಸಲ, "ಇನ್ನೊಂದು ತುಂಡು ಗೆಣಸು ಹಾಕಲಾ?" ಎಂದು ಮಾತು ತಿರುಗಿಸಿದಳು. ಮೂರನೇ ಸಲ ಹೊಗಳಿದಾಗ ಎದ್ದು ಚಾಪೆ ಸುತ್ತಿ ಅವಳ ಕೈಗಿಟ್ಟಳು.

"ಏನೂ ಇಲ್ಲದಿದ್ರೂ ಎಷ್ಟು ಧಾರಾಳವಾಗಿ ಕೊಡ್ತೀರಪ್ಪ ನೀವು!" ಎಂದು ಜಿಲಿಯನ್ ಕಣ್ಣು ತುಂಬಿಕೊಂಡು, ಚಾಪೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು.

ಪಕ್ಕದ ಮನೆಯ ಲವೇನಿಯಾ ಬೇಲಿ ದಾಟಿ ಓಡಿ ಬಂದಳು.

"ತಲೆ ಕೆಟ್ಟಿದೆಯೇನೆ ನಿನಗೆ? ಮಾಕೆರೆತಾ ಮದುವೆಗೆ ಐದು ವಾರ ಉಳಿದಿದೆ. ಮಗಳಿಗೆ ಅಂತ ನಾಲ್ಕು ತಿಂಗಳು ಬೆನ್ನು ಮುರ್ಕೊಂಡು ಹೆಣೆದದ್ದು!"

"ಕೇಳಿದಳಲ್ಲೇ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ಎಲ್ಲಿ ಕೇಳಿದಳು? ಆ ಜನ ಹಾಗೇ ಮಾರಾಯ್ತಿ, ಉದುರಿದ ಎಲೆ ನೋಡಿದ್ರೂ ಚೆಂದ ಅಂತಾರೆ. ಹೋಗಿ ವಾಪಸ್ ಈಸ್ಕೊಂಡು ಬಾ."

"ಕೊಟ್ಟದ್ದನ್ನ ಕೇಳೋದಾ? ನಾಚಿಕೆ ಬೇಡ್ವಾ?"

ಸೆರೆಯಿಮಾ ಮತ್ತೆ ಗರಿ ಕುದಿಸಿದಳು, ಒಣಗಿಸಿದಳು, ಚಿಪ್ಪಿನಿಂದ ಹೆರೆದು ಹದಮಾಡಿ ಹೆಣೆಯಲು ಕುಳಿತಳು. ಮದುವೆಯಲ್ಲಿ ಒಂದರ ಮೇಲೊಂದು ಒಟ್ಟುವ ಉಡುಗೊರೆಯ ಚಾಪೆಗಳಲ್ಲಿ ಎಲ್ಲಕ್ಕಿಂತ ಮೇಲೆ ತಾಯಿ ಹೆಣೆದದ್ದೇ ಇರಬೇಕು. ಇಲ್ಲದಿದ್ದರೆ ಕರಾವಳಿಯಿಂದ ಬರುವ ಬೀಗರು ಸುಮ್ಮನಿರುತ್ತಾರೆಯೇ? ನಾಲ್ಕು ವಾರವಾದರೂ ಚಾಪೆ ಅರ್ಧಕ್ಕೆ ಬಂದಿರಲಿಲ್ಲ.

"ಅರ್ಧ ಚಾಪೆ ಸಾಕಮ್ಮ," ಎಂದಳು ಮಾಕೆರೆತಾ. "ನಾವಿಬ್ರೂ ಒತ್ಕೊಂಡು ಮಲಗ್ತೀವಿ."

ಸೆರೆಯಿಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು.

ಮದುವೆ ಶನಿವಾರವೇ ಇತ್ತು. ಹೊತ್ತೇರಿದಾಗ ನಾಯಿಗಳು ಬೊಗಳಿದವು, ಆದರೆ ಸೈಕಲ್ ನುಗ್ಗಿ ಬರಲಿಲ್ಲ. ಜಿಲಿಯನ್ ಊರಂಚಿನ ಮಾವಿನ ಮರದ ಬಳಿಯೇ ಇಳಿದು ಸೈಕಲ್ ತಳ್ಳಿಕೊಂಡು ಬರುತ್ತಿದ್ದಳು. ಹೆಲ್ಮೆಟ್ಟು ಹ್ಯಾಂಡಲ್ಲಿಗೆ ನೇತಾಡುತ್ತಿತ್ತು. ಸೊಂಟಕ್ಕೆ ಊರ ಹೆಂಗಸರಂತೆ ಪಾದ ಮುಟ್ಟುವ ಸುಲು ಲುಂಗಿ, ಬೆನ್ನಿಗೆ ಸುತ್ತಿದ ಚಾಪೆ. ಸೀದಾ ಮುಖಂಡನ ಮುಂದೆ ಕೂತು ಯಂಗೋನ ಬೇರಿನ ಕಟ್ಟು ಇಟ್ಟಳು.

"ಒಂದು ವರ್ಷದಿಂದ ಹೇಳದೆ ಕೇಳದೆ ನಿಮ್ಮಂಗಳದಲ್ಲಿ ಓಡಾಡ್ದೆ. ತಪ್ಪಾಯ್ತು."

ಮುದುಕ ಮುಖಂಡ ಕಟ್ಟನ್ನು ಮುಟ್ಟಿ ಸ್ವೀಕರಿಸಿದ. "ನಮ್ಮ ಕೋಳಿಗಳಿಗೆ ಒಳ್ಳೆ ವ್ಯಾಯಾಮ ಆಗ್ತಿತ್ತು ಮಗಳೇ. ಕೂತ್ಕೋ."

ಸೆರೆಯಿಮಾ ಮಾತ್ರ ಅವಳ ಬೆನ್ನ ಮೇಲಿನ ಚಾಪೆಯನ್ನೇ ನೋಡುತ್ತಿದ್ದಳು. ಕೊಟ್ಟ ಚಾಪೆಯನ್ನು ಇವಳು ಬೀಗರೆದುರು ಹಿಂದಿರುಗಿಸಿದರೆ ಅದಕ್ಕಿಂತ ಅವಮಾನ ಉಂಟೇ?

ಜಿಲಿಯನ್ ಅವಳ ಬಳಿ ಸರಿದು ಪಿಸುಗುಟ್ಟಿದಳು: "ಇದನ್ನ ಗೋಡೆಗೆ ತೂಗುಹಾಕಿದ್ದೆ ಅಕ್ಕ. ನಮ್ಮ ಆಫೀಸಿನ ಲುಸಿಯಾನಾ, ನಿಮ್ಮ ಕಡೆಯವಳೇ, ನೋಡಿ ಮುಖಕ್ಕೆ ಉಗಿದಳು. 'ಹಳ್ಳಿ ಬಗ್ಗೆ ಅಷ್ಟು ದಪ್ಪ ವರದಿ ಬರೀತೀ, ಇದು ಮದುವೆ ಚಾಪೆ ಅಂತ ಗೊತ್ತಾಗಲಿಲ್ವಾ' ಅಂದಳು. ಹಿಂದೆ ಕೊಡಬಾರದು, ಆದರೆ ಮದುವೆಗೆ ಹೊತ್ಕೊಂಡು ಹೋಗಬಹುದು ಅಂತ ಅವಳೇ ಹೇಳಿಕೊಟ್ಟು, ಮದುವೆ ಯಾವತ್ತು ಅಂತಲೂ ವಿಚಾರಿಸಿಕೊಟ್ಟಳು."

ಆಮೇಲೆ ಎದ್ದು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಇದು ನನ್ನ ಚಾಪೆ. ಈ ಮನೇಲಿ ಉಂಡವಳು ನಾನು. ಮದುಮಗಳಿಗೆ ಅವಳ ಚಿಕ್ಕಮ್ಮನ ಉಡುಗೊರೆ."

ಬೀಗಿತ್ತಿ ಕುಚ್ಚು ಸವರಿ ನೋಡಿ, "ಹೆಣೆದವರು ಯಾರು?" ಎಂದು ಕೇಳಿದಳು.

"ನನ್ನಕ್ಕ," ಎಂದಳು ಜಿಲಿಯನ್, ಸೆರೆಯಿಮಾಳತ್ತ ತಿರುಗಿ. ಲವೇನಿಯಾ ಸಿಳ್ಳೆ ಹೊಡೆದಳು. ಚಾಪೆ ಎಲ್ಲಕ್ಕಿಂತ ಮೇಲೆ ಹೋಗಿ ಕೂತಿತು. ಸೆರೆಯಿಮಾ ಈ ಸಲ ಅಡುಗೆಮನೆಗೆ ಹೋಗಲಿಲ್ಲ, ಎಲ್ಲರ ಮುಂದೆಯೇ ಅತ್ತಳು.

ಊಟಕ್ಕೆ ಇಬ್ಬರೂ ಪಕ್ಕಪಕ್ಕ ಕೂತರು. ಸೆರೆಯಿಮಾಳ ಕೈಯಲ್ಲಿ ಬಣ್ಣದ ಅಂಚಿನ ಬೀಸಣಿಗೆಯಿತ್ತು. ಅದನ್ನು ಕಂಡು ಜಿಲಿಯನ್ ಕಣ್ಣರಳಿಸಿದಳು.

"ಅಬ್ಬಾ, ಎಷ್ಟು..." ಎಂದವಳು ಗಕ್ಕನೆ ನಿಲ್ಲಿಸಿದಳು. "ಎಷ್ಟು ಸೆಕೆ ಅಲ್ವಾ ಅಕ್ಕ ಇವತ್ತು!"

ಸೆರೆಯಿಮಾ ಬಿದ್ದು ಬಿದ್ದು ನಗುತ್ತ ಅವಳಿಗೆ ಗಾಳಿ ಬೀಸಿದಳು. ಬೀಸಣಿಗೆಯನ್ನು ಮಾತ್ರ ಗಟ್ಟಿಯಾಗಿಯೇ ಹಿಡಿದುಕೊಂಡಿದ್ದಳು.