ಆಡಿನ ಪಾಲಿನ ಉಂಡೆ

"ಏ ಮುದುಕಿ, ಪರೀಕ್ಷಾಕ್ಕ ಹುಡುಗಿ ಸಂಡಾಸದ ಡಬ್ಬಿ ಕೇಳಿದ್ರ ಆಡಿನ ಹಿಕ್ಕಿ ತುಂಬಿಕೊಂಡು ಬಂದೀಯಲ್ಲ, ನಿನ್ನ ತಲಿಯೊಳಗೇನು ಲದ್ದಿ ತುಂಬೇದೇನ?"

ಡಾಕ್ಟರ್ ಬಸವಪ್ರಸಾದ ಪ್ಲಾಸ್ಟಿಕ್ ಡಬ್ಬಿಯನ್ನು ಎರಡೇ ಬೆರಳಲ್ಲಿ ಹಿಡಿದು, ಓಣಿಗೆಲ್ಲ ಕಾಣುವಂತೆ ಮೇಲೆತ್ತಿದ. ಭರಮವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಅದು ನಮ್ಮ ಮಾಲಾಂದ ಐತ್ರಿ ಸಾಹೇಬ್ರ. ಹೊಟ್ಟಿಗೆ ಏನರ ಬಿದ್ರಲ್ರೀ ದೊಡ್ಡದಾಗೂದು."

ಓಣಿ ಗೊಳ್ಳೆಂದು ನಕ್ಕಿತು. ಏಳು ವರ್ಷದ ಮಾಲಾ ಅಜ್ಜಿಯ ಸೀರೆಯೊಳಗೆ ಮುಖ ಮುಚ್ಚಿಕೊಂಡಳು. ಡಾಕ್ಟರು ಮಾತ್ರ ನಗಲಿಲ್ಲ, ನಕ್ಕರೆ ಅದನ್ನೂ ಯಾವುದೋ ಕಾಲಮ್ಮಿನಲ್ಲಿ ತುಂಬಬೇಕಾದೀತು ಎಂಬಂತೆ ಬಿಗಿದುಕೊಂಡು ನಿಂತ.

ಖಾನಾಪುರದಿಂದ ಜಾಂಬೋಟಿಗೆ ಹೋಗುವ ದಾರಿಯ ಆ ಕುರುಬರ ಓಣಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಆಡೂ ಮಕ್ಕಳೂ ಒಂದೇ ಸೂರಿನ ಕೆಳಗೆ ಮಲಗುವುದು ರೂಢಿ. ಇದು ಬೆಳಗಾವಿಯ ಕ್ಯಾಂಪಿನಲ್ಲಿ ಹಳೆ ಬಂಗಲೆ ಹಿಡಿದು ಹೊಸ ಬೋರ್ಡು ಹಾಕಿಕೊಂಡಿದ್ದ ಸಂಶೋಧನಾ ಕೇಂದ್ರದ ಕಿವಿಗೆ ಹೇಗೆ ಬಿತ್ತೋ. ಆಡಿನ ಆರೋಗ್ಯಕ್ಕೂ ಮಕ್ಕಳ ಆರೋಗ್ಯಕ್ಕೂ ಏನೇನು ನಂಟು ಎಂದು ಎರಡು ವರ್ಷ ನೋಡುತ್ತೇವೆಂದು ಜೀಪು ಬಂತು, ಹೆಬ್ಬೆಟ್ಟು ಒತ್ತಿಸಿಕೊಂಡಿತು. ನಲವತ್ತೆರಡು ಆಡುಗಳ ಕಿವಿಗೆ ಹಳದಿ ಬಿಲ್ಲೆ ಹೊಡೆದರು, ಹತ್ತೊಂಬತ್ತು ಮಕ್ಕಳ ಮುಂಗೈಗೆ ನೀಲಿ ಪಟ್ಟಿ ಕಟ್ಟಿದರು. ಸರಿಸಮಾನ ಕಂಡದ್ದು ಅಷ್ಟಕ್ಕೇ. ಸೋಮವಾರಕ್ಕೊಮ್ಮೆ ಆಡುಗಳಿಗೆ ಬೆಲ್ಲ, ಶೇಂಗಾ ಹಿಂಡಿ, ರಕ್ತ ಹೆಚ್ಚಿಸುವ ಪುಡಿ ಕಲಸಿದ ಉಂಡೆ ಸಿಗುತ್ತಿತ್ತು. ಮಕ್ಕಳಿಗೆ ಸೂಜಿ ಚುಚ್ಚಿ ಒಂದು ಪೆನ್ಸಿಲ್ ಕೊಡುತ್ತಿದ್ದರು.

"ಸರ್, ಹದಿನೇಳನೇ ನಂಬರ್ ಮಾಲಾ," ಎಂದಳು ರಿಜಿಸ್ಟರ್ ಹಿಡಿದಿದ್ದ ಪೂರ್ಣಿಮಾ. "ಹೋದ ಸಲ ರಕ್ತ ಎಂಟಿತ್ರಿ. ಈಗ ಆರಕ್ಕ ಬಂದದ."

"ಭಾಳ ಛಲೋ. ಬರಕೋ. ಗ್ರಾಫ್ ಚಂದ ಇಳೀಲಿಕ್ಕತ್ತದ."

"ಎಷ್ಟಿರಬೇಕಿತ್ತವಾ?" ಭರಮವ್ವ ಪೂರ್ಣಿಮಾಳನ್ನು ಕೇಳಿದಳು.

"ಹನ್ನೆರಡರ ಸುತ್ತಮುತ್ತ ಇರಬೇಕ ಆಯಿ," ಎಂದು ಅವಳು ಪಿಸುಗುಟ್ಟಿದಳು.

ಊರಿನ ಆಶಾ ಕಾರ್ಯಕರ್ತೆ ಕೊಟ್ಟುಹೋಗಿದ್ದ, ರಕ್ತ ಹೆಚ್ಚಿಸುವ ಗುಲಾಬಿ ಗುಳಿಗೆಗಳು ಇದ್ದವಲ್ಲ ಎಂದರೆ, ಅವೂ ಇರಲಿಲ್ಲ. ಮೊದಲ ವಾರವೇ ಡಾಕ್ಟರು ಮನೆಮನೆ ಹೊಕ್ಕು ಗೂಡಿನಿಂದ, ಅಕ್ಕಿ ಡಬ್ಬಿಯಿಂದ ಹೆಕ್ಕಿ ತೆಗೆದು ಜೀಪಿನ ಪೆಟ್ಟಿಗೆಗೆ ಹಾಕಿಕೊಂಡಿದ್ದ. ಹೊರಗಿನ ಗುಳಿಗೆ ನುಂಗಿದರೆ ತನ್ನ ಪರೀಕ್ಷೆ ಕೆಟ್ಟು ಕೆರ ಹಿಡಿಯುತ್ತದಂತೆ.

ಮರುದಿನ ಭರಮವ್ವ ಮೊಮ್ಮಗಳನ್ನು ಬಗಲಿಗೆ ಹಾಕಿಕೊಂಡು ಬೆಳಗಾವಿ ಬಸ್ಸು ಹತ್ತಿದಳು. ಕ್ಯಾಂಪಿನ ಬಂಗಲೆಯ ಕಾವಲುಗಾರ ಅವಳ ಕಂಬಳಿಯ ವಾಸನೆಗೆ ಮೂಗು ಮುಚ್ಚಿಕೊಂಡು, "ದನಾ ಒಯ್ಯೂ ಬಾಗಲಾ ಹಿಂದ ಐತಿ, ಹಂಗ ಹೋಗು," ಎಂದ. ಹಿಂದಿನ ಬಾಗಿಲಲ್ಲಿ ಮಧ್ಯಾಹ್ನದವರೆಗೆ ಕೂತಳು. ಊಟ ಮುಗಿಸಿ ಕೈ ಒರೆಸುತ್ತ ಡಾಕ್ಟರು ಬಂದ.

"ಸಾಹೇಬ್ರ, ಆಡಿನ ಉಂಡಿ ಒಂದೆರಡ ಕೂಸಿಗೆ ಕೊಡ್ರಿ."

"ಅದು ಆಡಿನ ಪಾಲಿಂದು. ನಾ ಮ್ಯಾಲಿನವರಿಗೆ ಜವಾಬ ಕೊಡಬೇಕಾಗ್ತದ."

"ಹಂಗಾರ ನಮ್ಮ ಗುಳಗಿ ನಮಗ ತಿರಗಿ ಕೊಡ್ರಿ."

"ನಿಮ್ಮ ಹುಡುಗೂರು ಬರೇ ನೋಡೂ ಗುಂಪು. ಏನೂ ಕೊಡದ ಏನಾಗ್ತದ ಅಂತ ನೋಡೂದು. ಎರಡು ವರ್ಷ ತಡಿ."

"ಅಷ್ಟರಾಗ ಏನರ ಹೆಚ್ಚುಕಮ್ಮಿ ಆದ್ರ?"

"ಆದ್ರ ಅದನ್ನೂ ಬರಕೋತೀವಿ." ಡಾಕ್ಟರು ತಿರುಗಿದವನು ಮತ್ತೆ ನಿಂತ. "ಹಾಂ, ಸೋಮವಾರ ಉಂಡಿ ಕಂಪನಿ ಮಾಲಕರು ಬಾಳಾಸಾಹೇಬ್ರು ಬರ್ತಾರ, ಫೋಟೋ ತಗೀತಾರ. ಆಡು ತೊಳದು ಹಟ್ಟಿಯೊಳಗ ನಿಲ್ಲಸ್ರಿ. ಹುಡುಗೂರನ್ನ ಮುಂದ ಬಿಡಬ್ಯಾಡ್ರಿ, ಮೂಗ ಸುರಿಸ್ತಾವ."

ತಿರುಗಿ ಬರುವಾಗ ಮಾಲಾ ಬಸ್ಸಿನಲ್ಲಿ ಅಜ್ಜಿಯ ತೊಡೆಯ ಮೇಲೆ ಸತ್ತಂತೆ ನಿದ್ದೆ ಹೋದಳು. ಭರಮವ್ವ ಎರಡೆರಡು ಸಲ ಮೂಗಿಗೆ ಬೆರಳು ಹಿಡಿದು ಉಸಿರು ನೋಡಿದಳು.

ಸೋಮವಾರ ಹೊತ್ತೇರುವ ಮೊದಲೇ ನೆರೆಮನೆಯ ಸಿದರಾಯ ನಲವತ್ತೆರಡು ಆಡುಗಳನ್ನೂ ಗುಡ್ಡ ಹತ್ತಿಸಿಬಿಟ್ಟ. ಭರಮವ್ವ ಹಳದಿ ಎಣ್ಣೆ ಕ್ಯಾನು ಕತ್ತರಿಸಿ ಬಿಲ್ಲೆ ಮಾಡಿದಳು, ಮಾಲಾ ಅವಕ್ಕೆ ಇದ್ದಿಲಿನಿಂದ ನಂಬರು ಬರೆದಳು. ನಲವತ್ಮೂರರಿಂದ ಶುರು.

ಬಾಳಾಸಾಹೇಬರು ಬಿಳಿ ಪ್ಯಾಂಟು ತೊಟ್ಟು ಬಂದಿದ್ದರು, ಬಗಲಿಗೆ ಡಾಕ್ಟರು, ಹಿಂದೆ ಕ್ಯಾಮೆರಾದವನು. ಪೂರ್ಣಿಮಾ ರಿಜಿಸ್ಟರ್ ಹಿಡಿದು ಹಟ್ಟಿಯ ಹೊರಗೇ ಉಳಿದಳು. ಭರಮವ್ವ ಬಿದಿರು ತಟ್ಟಿ ಸರಿಸಿ ಮರ್ಯಾದೆಯಿಂದ ಒಳಗೆ ಕರೆದಳು. ಹಟ್ಟಿಯಲ್ಲಿ ಹತ್ತೊಂಬತ್ತು ಮಕ್ಕಳು ಕೈಕಾಲೂರಿ ನಿಂತಿದ್ದವು, ಕಿವಿಗೆ ದಾರದಲ್ಲಿ ಹಳದಿ ಬಿಲ್ಲೆ ಜೋತಿತ್ತು. ಎಲ್ಲವೂ ಒಟ್ಟಿಗೆ "ಮ್ಯಾ" ಎಂದವು. ಒಬ್ಬ ಪೋರಿಯಂತೂ ಪೂರಾ ಆಡೇ ಆಗಿಬಿಟ್ಟು ಬಾಳಾಸಾಹೇಬರ ಮೊಣಕಾಲಿಗೆ ಹಾಯ್ದಳು.

"ಆಡು ಎಲ್ಲಿ?" ಡಾಕ್ಟರ ದನಿ ಕಿರುಗುಟ್ಟಿತು.

"ಇವ ರೀ. ತೂಕಾ ಮಾಡ್ರಿ, ಉಂಡಿ ಹಾಕ್ರಿ."

"ಏ ಖೋಡಿ ಮುದುಕಿ, ಮನಷ್ಯಾಗೂ ಆಡಿಗೂ ಫರಕ ತಿಳಿಯೂದಿಲ್ಲೇನ ನಿನಗ?"

"ತಿಳೀದಾಂವ ನೀನು, ಭಾಡ್ಯಾ," ಎಂದಳು ಭರಮವ್ವ. ಇಷ್ಟು ದಿನ ಹಚ್ಚಿದ್ದ ರೀ ಅಲ್ಲಿಗೆ ಉದುರಿತು.

ಬಾಳಾಸಾಹೇಬರು ಮಾಲಾಳನ್ನು ನೋಡಿ, "ಈ ಪೋರಿ ಯಾಕ ಇಷ್ಟ ಬಿಳಚಿಕೊಂಡೈತಿ?" ಎಂದು ಕೇಳಿದರು.

ಆಡಿಗೆ ರಕ್ತ ಕಡಿಮೆಯಾಯಿತೇ ಎಂದು ತಿಳಿಯಲು ಕುರುಬರಿಗೆ ಸೂಜಿ ಬೇಕಿಲ್ಲ. ಗದ್ದ ಹಿಡಿದು ಕಣ್ಣಿನ ಕೆಳರೆಪ್ಪೆ ಜಗ್ಗುತ್ತಾರೆ. ಒಳಗೆ ಕೆಂಪಿದ್ದರೆ ಮೇಯಲು ಬಿಡುತ್ತಾರೆ, ಬೆಳ್ಳಗಿದ್ದರೆ ಔಷಧ ಹಾಕುತ್ತಾರೆ. ಭರಮವ್ವ ಮಾಲಾಳ ರೆಪ್ಪೆ ಜಗ್ಗಿ ತೋರಿಸಿದಳು. ಸುಣ್ಣ ಬಳಿದಂತಿತ್ತು.

"ಹಿಂಗಿರಬಾರದು. ಹೆಂಗಿರಬೇಕು ಅಂದ್ರ," ಎನ್ನುತ್ತ ಡಾಕ್ಟರ ಗದ್ದವನ್ನು ಗಪ್ಪನೆ ಹಿಡಿದು ರೆಪ್ಪೆ ಜಗ್ಗಿದಳು. "ನೋಡ್ರಿ, ಕೆಂಪಗ." ಡಾಕ್ಟರು ಕೊಸರಿಕೊಳ್ಳುವಷ್ಟರಲ್ಲಿ ಬಾಳಾಸಾಹೇಬರ ಗದ್ದವೂ ಅವಳ ಕೈಯಲ್ಲಿತ್ತು. ಕ್ಯಾಮೆರಾದವನು ಅಭ್ಯಾಸಬಲದಿಂದ ಫೋಟೋ ತೆಗೆದ.

"ಇದು ಇನ್ನೂ ಕೆಂಪ. ಎರಡೂ ಚಲೋ ಮೇದಾವ, ಇವಕ್ಕೇನೂ ಹಾಕೂದು ಬ್ಯಾಡ."

ಅಷ್ಟು ಹೇಳಿ ಹೊರಗೆ ಬಂದು ತಟ್ಟಿ ಎಳೆದು ಹಗ್ಗ ಬಿಗಿದಳು. ಡಾಕ್ಟರು, ಬಾಳಾಸಾಹೇಬರು, ಕ್ಯಾಮೆರಾದವನು ಮಕ್ಕಳ ಜೊತೆ ಒಳಗೇ ಉಳಿದರು.

"ಪೂರ್ಣಿಮಾಬಾಯಿ, ಜೀಪಿನ ಪೆಟಿಗ್ಯಾಗಿನ ಗುಳಗಿ ತರ್ರಿ. ಅಲ್ಲಿತನಕ ಬಾಗಲಾ ತೆಗ್ಯಂಗಿಲ್ಲ."

"ಪೂರ್ಣಿಮಾ, ನೌಕರಿ ಹೋಗ್ತದ ನೋಡು," ಡಾಕ್ಟರು ಒಳಗಿನಿಂದ ಕಿರುಚಿದ.

ಪೂರ್ಣಿಮಾ ರಿಜಿಸ್ಟರ್ ಎದೆಗೊತ್ತಿಕೊಂಡು ನಿಂತಲ್ಲೇ ನಿಂತಳು. ಹಟ್ಟಿಯಲ್ಲಿ ಮಕ್ಕಳು ಆಟ ಮರೆತು ಬಾಳಾಸಾಹೇಬರ ಕಿಸೆ ತಡಕುತ್ತಿದ್ದವು. ಮಾಲಾಳಿಗೆ ಮಾತ್ರ ಕೈಕಾಲೂರಿ ನಿಲ್ಲಲಾಗಲಿಲ್ಲ, ಕಿವಿಯ ಬಿಲ್ಲೆಯ ಸಮೇತ ಹಿಕ್ಕಿಯ ಮೇಲೇ ಅಡ್ಡಾದಳು. ಭರಮವ್ವ ತಟ್ಟಿಯ ಸಂದಿನಿಂದ ಅವಳ ಎದೆ ಏರಿಳಿಯುವುದನ್ನು ನೋಡುತ್ತಲೇ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದಳು.