ಹನ್ನೊಂದನೆಯ ವಾಕ್ಯ

ಬಾಗಿಲ ಬಳಿ ಬಾಗಿ ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದ ಇಂಗ್ಲಿಷ್ ಟೀಚರ ತೋಳನ್ನು ಯಾರೋ ಹಿಂದಿನಿಂದ ಬಂದು ಹಿಡಿದುಕೊಂಡರು. ಟೀಚರು ನಿವೃತ್ತರಾಗಿ ಹನ್ನೆರಡು ವರ್ಷವಾಗಿತ್ತು. ಆದರೂ ಬೆನ್ನ ಹಿಂದೆ ನಿಂತವರು ಯಾವ ಬೆಂಚಿನವರು ಎಂದು ತಿರುಗದೆಯೇ ಹೇಳುವ ಅಭ್ಯಾಸ ಹೋಗಿರಲಿಲ್ಲ. ಇದು ಕೊನೆಯ ಬೆಂಚು.

“ನಾನು ಟೀಚರ್. ಹಾಜರಿಯಲ್ಲಿ ಕೊನೇ ನಂಬರು.”

“ಗೊತ್ತಾಯ್ತಮ್ಮ. ನರ್ಸ್ ಆಗಿದೀಯಂತೆ.”

“ಹೋದ ವರ್ಷ ಹೆಡ್ ನರ್ಸ್ ಆದೆ. ಮಾಮನಿಗೆ ಬಂದು ಹೇಳೋಣ, ಹೇಳೋಣ ಅಂತಾನೇ ದಿನ ಹೋಯ್ತು.”

ಮಾಮ ಎಂದರೆ ಟೈಪ್ ಮಾಮ. ಈಗ ಒಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದವನು. ಶಾಲೆಯ ಗೇಟಿನ ಎದುರಿಗೆ, ಮೂರು ಜನ ನಿಂತರೆ ನಾಲ್ಕನೆಯವರು ರಸ್ತೆಗೆ ಬೀಳುವಂಥ ಅಂಗಡಿಯಲ್ಲಿ ನಲವತ್ತು ವರ್ಷ ಕೂತು ಊರಿನವರ ಬಾಡಿಗೆ ಕರಾರು, ರಾಜೀನಾಮೆ, ಕ್ಷಮಾಪಣೆ ಪತ್ರ, ಮಕ್ಕಳ ಪ್ರಾಜೆಕ್ಟು ಎಲ್ಲವನ್ನೂ ಒಂದೇ ಟೈಪ್‌ರೈಟರಿನಲ್ಲಿ ಕುಟ್ಟಿದವನು.

“ಟೀಚರ್, ನಿಮ್ಮನ್ನೊಂದು ಕೇಳ್ಬೇಕು,” ಎಂದಳು ನರ್ಸ್ ದನಿ ತಗ್ಗಿಸಿ. “ನಾನು ಪ್ರಾಜೆಕ್ಟ್ ಮಾಡಿದ್ನಲ್ಲ, ಆ ಜ್ವರದ ಊರಿನ ಮಹಾತಾಯಿ, ಅವರಿಂದಾನೇ ನಾನು ನರ್ಸ್ ಆಗಿದ್ದು. ಹೊಸದಾಗಿ ಸೇರೋ ಹುಡುಗೀರಿಗೆಲ್ಲ ಅವರ ಕತೇನೇ ಹೇಳ್ತೀನಿ. ಮೊನ್ನೆ ಒಬ್ಬಳು ಫೋಟೋ ಕೇಳಿದ್ಲು. ಹುಡುಕಿದ್ರೆ ಪುಸ್ತಕದಲ್ಲೂ ಇಲ್ಲ, ಫೋನಲ್ಲೂ ಇಲ್ಲ. ಮಾಮ ಹೋಗ್ಬಿಟ್ರು. ಇನ್ನು ನೀವೇ ಗತಿ. ಹತ್ತಕ್ಕೆ ಹತ್ತು ಕೊಟ್ಟಿದ್ರಲ್ಲ, ನಿಮಗೆ ಗೊತ್ತಿರ್ಬೇಕು.”

ಟೀಚರ ಪಾಲಿಗೆ ಇದು ಬಾಯೊಳಗಿನ ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. “ಮೊದಲು ಒಳಗೆ ಹೋಗೋಣ ಬಾ,” ಎಂದರು ಟೀಚರು.

*

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಇಂಗ್ಲಿಷ್ ಕಲಿಯುವ ಪ್ರತಿಯೊಂದು ಮಗುವೂ ಚರಿತ್ರೆಯ ಒಬ್ಬ ದೊಡ್ಡ ವ್ಯಕ್ತಿಯನ್ನು ಆರಿಸಿಕೊಂಡು, ಹುಡುಕಿ ಓದಿ, ಇಂಗ್ಲಿಷಿನಲ್ಲಿ ಬರೆದು ತರಬೇಕಿತ್ತು. ಟೀಚರ ನಿಯಮ ಎರಡು. ಹತ್ತೇ ವಾಕ್ಯ ಇರಬೇಕು. ಒಬ್ಬರು ತೆಗೆದುಕೊಂಡವರನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹಾಜರಿಯ ಕ್ರಮದಲ್ಲೇ ಆಯ್ಕೆ. ಮೊದಲ ಹತ್ತು ನಂಬರಿನವರು ವಿಜ್ಞಾನಿಗಳನ್ನು ಗೋರಿಕೊಂಡರು. ಇಪ್ಪತ್ತರೊಳಗೆ ರಾಜರಾಣಿಯರು ಖಾಲಿ. ಮೂವತ್ತಾಗುವ ಹೊತ್ತಿಗೆ ಸಮುದ್ರ ದಾಟಿದವರೂ ಬೆಟ್ಟ ಹತ್ತಿದವರೂ ಮುಗಿದರು. ನಲವತ್ತೆರಡನೆಯವಳ ಪಾಲಿಗೆ ಇಡೀ ಲೋಕದಲ್ಲಿ ಒಬ್ಬ ದೊಡ್ಡ ಮನುಷ್ಯನೂ ಉಳಿಯಲಿಲ್ಲ. ಹುಡುಗಿ ಮೂಗು ಒರೆಸಿಕೊಳ್ಳುತ್ತ ಟೈಪ್ ಮಾಮನ ಅಂಗಡಿ ಹತ್ತಿದಳು.

ಮರುದಿನ ಟೈಪಾದ ಹಾಳೆ ಬಂತು. ಹೇಳಹೋದರೆ ನಾಲಿಗೆ ಗಂಟುಬೀಳುವಂಥ ಹೆಸರಿನ ಹೆಂಗಸು. ಇನ್ನೂರು ವರ್ಷದ ಹಿಂದೆ ದೂರದ ಯಾವುದೋ ನಾಡಿನಲ್ಲಿದ್ದವಳು. ಊರಿಗೆ ವಿಷಜ್ವರ ಬಂದು ಎಲ್ಲರೂ ಬಾಗಿಲು ಹಾಕಿಕೊಂಡಾಗ, ಹದಿನೇಳರ ಆ ಹುಡುಗಿ ನೀರು ಕಾಯಿಸಿ ಆರಿಸಿ, ದಿನಕ್ಕೆ ಎರಡು ಸಲ ಮೂವತ್ತೊಂದು ಮನೆಗೆ ಒಯ್ದು ಕುಡಿಸಿದಳಂತೆ. ಟೀಚರು ವಾಕ್ಯ ಎಣಿಸಿದರು. ಹನ್ನೊಂದಿದ್ದವು. ಕೊನೆಯದರ ಮೇಲೆ ಕೆಂಪು ಗೆರೆ ಎಳೆದರು.

“ಟೀಚರ್, ಇವರು ನಿಮಗೆ ಗೊತ್ತಾ?” ಎಂದು ಹುಡುಗಿ ಕೇಳಿಯೇಬಿಟ್ಟಳು. ಇಡೀ ಕ್ಲಾಸು ಕಿವಿ ನೆಟ್ಟಗೆ ಮಾಡಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. “ಗೊತ್ತಿಲ್ದೆ ಏನು, ಬಹಳ ದೊಡ್ಡವರು,” ಎಂದು ಟೀಚರು ಹತ್ತಕ್ಕೆ ಹತ್ತು ಹಾಕಿದರು. ಹುಡುಗಿ ಗೆರೆ ಬೀಳದ ಹತ್ತನ್ನು ಬಾಯಿಪಾಠ ಮಾಡಿಕೊಂಡಳು.

ಟೀಚರು ಆಮೇಲೆ ಮೂರು ಶನಿವಾರ ಲೈಬ್ರರಿಯಲ್ಲಿ ಕೂತು ವಿಶ್ವಕೋಶಗಳ ಧೂಳು ಕುಡಿದರು. ಆ ಹೆಸರು ಎಲ್ಲೂ ಇರಲಿಲ್ಲ. ಟೈಪ್ ಮಾಮನನ್ನೇ ಕೇಳಬಹುದಿತ್ತು, ಗೇಟಿನ ಎದುರೇ ಇದ್ದ. ಕೇಳಿದರೆ ತಮ್ಮ ಬಣ್ಣ ಬಯಲಾಗುತ್ತಿತ್ತು. ಹಾಗಾಗಿ ಕೇಳಲಿಲ್ಲ, ನಿಯಮವನ್ನೂ ಬದಲಿಸಲಿಲ್ಲ. ಮುಂದಿನ ವರ್ಷ ಕೊನೆಯ ನಂಬರಿನ ಮಗುವಿನ ಹಾಳೆಯಲ್ಲಿ ಗಡಿಯಾರ ರಿಪೇರಿ ಮಾಡುವ ಕಣ್ಣಿಲ್ಲದವನೊಬ್ಬ ಬಂದ. ಅದರ ಮುಂದಿನ ವರ್ಷ, ಕೋಪ ಬಂದಾಗಲೆಲ್ಲ ಗಿಡ ನೆಟ್ಟು ಒಂದು ಬೀದಿಗೆ ನೆರಳು ಮಾಡಿದ ಜಗಳಗಂಟಿ ಹೆಂಗಸು. ಟೀಚರು ಉಳಿದ ಹಾಳೆಗಳನ್ನು ಬೇಗ ಬೇಗ ತಿದ್ದಿ ಮುಗಿಸಿ, ಆ ಒಂದನ್ನು ಕಾಫಿಯ ಜೊತೆಗೆಂದು ಎತ್ತಿಡುತ್ತಿದ್ದರು.

ಸಂಜೆ ಗೇಟು ದಾಟುವಾಗ ಟೈಪ್ ಮಾಮ, “ಈ ಸಲದ್ದು ಹೇಗಿತ್ತು ಟೀಚರೇ?” ಎನ್ನುತ್ತಿದ್ದ.

“ಒಂದು ಸ್ಪೆಲ್ಲಿಂಗ್ ತಪ್ಪಿತ್ತು,” ಎನ್ನುತ್ತಿದ್ದರು ಇವರು.

ಹದಿನೈದು ವರ್ಷ ಇಷ್ಟೇ ಮಾತು. ಆ ಸಂಜೆಗಳನ್ನು ನೆನೆದರೆ ಟೀಚರಿಗೆ ಈಗಲೂ ಸುಖವಾಗುತ್ತಿತ್ತು. ಒಂದು ದಿನ ಕೂರಿಸಿಕೊಂಡು ಕೇಳಬೇಕು, ಇವರನ್ನೆಲ್ಲ ಎಲ್ಲಿಂದ ತರುತ್ತೀರಿ ಎಂದು, ಅಂದುಕೊಂಡೇ ಇದ್ದರು.

*

ಅಕ್ಕ-ತಮ್ಮ ಇಬ್ಬರೇ ಇದ್ದ ಮನೆ. ಎಂಬತ್ತು ದಾಟಿದ ಅಕ್ಕ ಗೋಡೆಗೊರಗಿ, ತಮ್ಮನ ತಲೆಯ ಬಳಿ ಕೂತಿದ್ದರು. ಪಕ್ಕದ ಅಂಗಡಿಯ ಜೆರಾಕ್ಸ್‌ನವನು ಬಂದವರಿಗೆಲ್ಲ ಚಾಪೆ ಹಾಸುತ್ತಿದ್ದ.

“ಆ ಫ್ಯಾನ್ ಕಡಿಮೆ ಮಾಡಪ್ಪ, ಅವನಿಗೆ ಶೀತ ಆಗತ್ತೆ,” ಎಂದ ಅಕ್ಕ, ಅಂದ ಮಾತು ತಮಗೇ ಕೇಳಿಸಿ ತಮ್ಮನ ಹೊದಿಕೆಯ ಅಂಚು ಸರಿಮಾಡಿದರು.

ನರ್ಸ್ ಹತ್ತಿರ ಹೋಗಿ ಕೂತಳು. “ಅಜ್ಜಿ, ಮಾಮನ ಹಳೇ ಪುಸ್ತಕ ಏನಾದ್ರೂ ಇದಾವಾ?”

“ಪುಸ್ತಕ ಎಲ್ಲಿಂದ ಬರ್ಬೇಕು ಮಗ. ರಿಬ್ಬನ್ ಡಬ್ಬಿ ಬೇಕಾದ್ರೆ ನಾಲ್ಕು ಚೀಲ ಇದಾವೆ. ಯಾಕೆ?”

“ಒಬ್ಬರ ವಿಷಯ ಬರೆದುಕೊಟ್ಟಿದ್ರು. ಊರಿಗೆ ಜ್ವರ ಬಂದಾಗ ಮೂವತ್ತೊಂದು ಮನೆಗೆ ಕಾಯಿಸಿದ ನೀರು ಕುಡಿಸಿದವರು...”

“ಮೂವತ್ತೊಂದಲ್ಲ, ಇಪ್ಪತ್ತೊಂಬತ್ತು,” ಎಂದರು ಅಕ್ಕ. “ಎರಡು ಮನೆಯವರು ಬಾಗಿಲೇ ತೆಗೀಲಿಲ್ಲ.”

ನರ್ಸ್ ತಿರುಗಿ ಟೀಚರ ಮುಖ ನೋಡಿದಳು. ಮೂರು ಶನಿವಾರ ವಿಶ್ವಕೋಶದಲ್ಲಿ ಹುಡುಕಿದ ಹೆಂಗಸು ಶಾಲೆಯಿಂದ ಎರಡೇ ಬೀದಿಯಾಚೆ ತಮ್ಮನ ಅಂಗಿ ಒಗೆದು ಹಾಕುತ್ತ ಇದ್ದರು.

“ಅದು ನೀವಾ?” ಎಂದಳು ನರ್ಸ್.

“ನಾನಲ್ದೆ ಇನ್ಯಾರು. ಅದನ್ನ ಬರೆದು ಬೇರೆ ಇಟ್ನಾ ಇವನು? ನನಗೊಂದು ಮಾತು ಹೇಳ್ಲಿಲ್ಲ ನೋಡು. ಏನು ಬರೆದಿದ್ದ, ಹೇಳು.”

ನರ್ಸ್ ಅಕ್ಕನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಬಾಯಿಪಾಠವಾಗಿದ್ದ ಹತ್ತು ಇಂಗ್ಲಿಷ್ ವಾಕ್ಯಗಳನ್ನು ಒಂದೊಂದಾಗಿ ಹೇಳಿ, ಬಿಡಿಸಿ ತಿಳಿಸಿದಳು. ಅಕ್ಕ ತಲೆಯಾಡಿಸುತ್ತ ಕೇಳಿದರು. ಇನ್ನೂರು ವರ್ಷದ ಹಿಂದೆ ಎಂಬಲ್ಲಿ ಮಾತ್ರ, “ಅಷ್ಟು ಮುದುಕಿ ಮಾಡಿದ್ನಾ ನನ್ನ,” ಎಂದರು.

“ಮತ್ತೆ? ತನ್ನ ವಿಷಯ?”

“ಇಲ್ಲ ಅಜ್ಜಿ. ಅಷ್ಟೇ.”

“ಒಂದು ಮಾತೂ ಇಲ್ವಾ? ಒಂಬತ್ತು ವರ್ಷ ಇವನಿಗಾಗ. ಒಂದು ದಿನ ತಪ್ಪಿಸ್ಲಿಲ್ಲ, ನನ್ನ ಜೊತೆ ಬಂದ. ಅದನ್ನೇ ಬಿಟ್ಬಿಟ್ನಾ?” ಬೆಳಗಿನಿಂದ ಒಣಗಿದ್ದ ಅಕ್ಕನ ಕಣ್ಣಲ್ಲಿ ಈಗ ನೀರು ಬಂತು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಮ್ಮನಿರುವುದರಲ್ಲಿ ಟೀಚರಿಗೆ ಇಪ್ಪತ್ತೇಳು ವರ್ಷದ ಅನುಭವವಿತ್ತು.

“ಬರೆದಿದ್ರು,” ಎಂದರು ಟೀಚರು. “ಹನ್ನೊಂದನೇ ವಾಕ್ಯ. ಹತ್ತೇ ಇರ್ಬೇಕು ಅಂತ ನಾನೇ ಹೊಡೆದುಹಾಕಿದೆ.” ಆಮೇಲೆ ನರ್ಸ್ ಕಡೆ ತಿರುಗಿ, “ಇವರ್ಯಾರು ಅಂತ ನನಗೆ ಆವತ್ತೂ ಗೊತ್ತಿರ್ಲಿಲ್ಲ ಮಗು. ಗೊತ್ತು ಅಂತ ಸುಳ್ಳು ಹೇಳಿದೆ,” ಎಂದರು.

“ಏನಂತ ಇತ್ತು?” ಅಕ್ಕ ಕೇಳಿದರು.

“‘ಅವಳ ಪುಟ್ಟ ತಮ್ಮ ಕೊಡ ಹಿಡ್ಕೊಂಡು ಅವಳ ಹಿಂದೆ ಹಿಂದೆ ನಡೆದ’ ಅಂತ.”

ಅಕ್ಕ ಮಲಗಿದ್ದ ತಮ್ಮನ ಕಡೆ ಬಾಗಿ, ಮಕ್ಕಳನ್ನು ಗದರುವ ದನಿಯಲ್ಲಿ ಹೇಳಿದರು. “ಹಿಂದೆ ಎಲ್ಲಿ ನಡೆದ್ಯೋ? ತಪ್ಪು ಬರ್ದಿದೀಯ. ನಾಯಿ ಅಂದ್ರೆ ಜೀವ ಹೋಗ್ತಿತ್ತು ನಂಗೆ. ಒಂದೊಂದು ಗೇಟನ್ನೂ ಮೊದಲು ನೀನೇ ಹೊಕ್ಕು, ‘ಬಾ ಅಕ್ಕ, ನಾಯಿ ಇಲ್ಲ’ ಅಂತ ಕೂಗ್ತಿದ್ದೆ. ಆಮೇಲೆ ನಾನು.”

ಹೊರಗೆ ಗಾಡಿ ಬಂದು ನಿಂತಿತು. ಜೆರಾಕ್ಸ್‌ನವನೂ ಇನ್ನು ಮೂವರೂ ಬಂದು ಮಾಮನನ್ನು ಎತ್ತಿಕೊಂಡರು. ನರ್ಸ್ ಒಂದು ಕಡೆ, ಟೀಚರು ಒಂದು ಕಡೆ ಹಿಡಿದು ಅಕ್ಕನನ್ನು ಎಬ್ಬಿಸಿದರು.

ಬಾಗಿಲಲ್ಲಿ ಜೆರಾಕ್ಸ್‌ನವನು ತಡೆದು ನಿಂತ. “ಅಜ್ಜಿ ಮುಂದೆ ಹೋಗ್ಲಿ, ಹಿರಿಯರು.”

“ಬೇಡಪ್ಪ, ಅವನು ಹೋಗ್ಲಿ,” ಎಂದು ಅಕ್ಕ ಗೋಡೆಯ ಕಡೆ ಸರಿದರು.

ಹೊಸ್ತಿಲು ದಾಟಿ, ಮೂರು ಮೆಟ್ಟಿಲಿಳಿದು, ಗೇಟಿನಾಚೆ ಹೋದ ತಮ್ಮ. ಅಕ್ಕ ಗೇಟಿನ ಈಚೆಗೆ ನಿಂತು, ಒಂದು ಗಳಿಗೆ ಕಿವಿಗೊಟ್ಟು, ಆಮೇಲೆ ಹೆಜ್ಜೆ ಹೊರಗಿಟ್ಟರು.